ನಿಮ್ಮ ಓಟು ಯಾವ ಊರಲ್ಲಿದೆ?

2023ರ ಮೇ 10. ವಿಧಾನಸಭೆ ಚುನಾವಣೆಯ ದಿನ. ಮಂಗಳೂರಿನಲ್ಲಿ ಓದುತ್ತಿದ್ದ ನಮ್ಮ ನೆಂಟರ ಹುಡುಗನೊಬ್ಬ ಮೊದಲ ಓಟು ಹಾಕುವ ಉತ್ಸಾಹದಲ್ಲಿ ಬೆಳಗಿನ ಬಸ್ಸು ಹತ್ತಿದ. ಸಂಪಾಜೆ ಘಾಟಿಯ ತಿರುವಿನಲ್ಲಿ ಹೊಟ್ಟೆ ತೊಳಸಿಕೊಂಡು, ಮಧ್ಯಾಹ್ನದ ಹೊತ್ತಿಗೆ ಕೊಡಗಿನ ತನ್ನೂರಿನ ಶಾಲೆಯ ಮತಗಟ್ಟೆ ಮುಟ್ಟಿದ. ಜೇಬಿನಲ್ಲಿ ಗುರುತಿನ ಚೀಟಿ ಇತ್ತು. ಪಟ್ಟಿಯಲ್ಲಿ ಹೆಸರು ಇರಲಿಲ್ಲ.

ಆಮೇಲೆ ಗೊತ್ತಾಯಿತು. ಕಾಲೇಜಿನಲ್ಲಿ ಒಂದು ನೋಂದಣಿ ಶಿಬಿರ ನಡೆದಿತ್ತು. ಗೆಳೆಯರೆಲ್ಲ ತುಂಬಿದರು ಅಂತ ಇವನೂ ಒಂದು ಫಾರಂ ತುಂಬಿ, ಹಾಸ್ಟೆಲ್ ವಿಳಾಸ ಬರೆದು ಸಹಿ ಹಾಕಿದ್ದ. ಹೆಸರು ಅಲ್ಲಿಗೆ ಹೋಗಿತ್ತು. ಅವನು ಊರಲ್ಲಿದ್ದ, ಅವನ ಓಟು ಮಂಗಳೂರಿನಲ್ಲಿತ್ತು.

"ಈಗಿನ ಹುಡುಗರಿಗೆ ರಾಜಕೀಯದಲ್ಲಿ ಆಸಕ್ತಿ ಇಲ್ಲ" ಎಂಬ ಮಾತು ಕಟ್ಟೆ ಮೇಲೆ ಕೂತವರಿಂದ ಆಗಾಗ ಕೇಳಿಬರುತ್ತದೆ. ನಾನು ನೋಡಿದ ಮಟ್ಟಿಗೆ ಆಸಕ್ತಿಗಿಂತ ಜಾಸ್ತಿ ಕೊರತೆ ಇರುವುದು ಮಾಹಿತಿಗೆ. ಈ ಮಾಹಿತಿ ಈಗ ಬೇಕಾಗಿದೆ ಕೂಡ. ನಮ್ಮ ಬಹುತೇಕ ಗ್ರಾಮ ಪಂಚಾಯಿತಿಗಳಿಗೆ ಚುನಾವಣೆ ನಡೆದದ್ದು 2020ರ ಡಿಸೆಂಬರ್‌ನಲ್ಲಿ. ಐದು ವರ್ಷದ ಲೆಕ್ಕ 2026ರ ಶುರುವಿನವರೆಗೆ. ಆಗ ಏಳು, ಎಂಟನೇ ಕ್ಲಾಸಿನಲ್ಲಿದ್ದ ಮಕ್ಕಳು ಈಗ ಓಟಿನ ವಯಸ್ಸಿಗೆ ಬಂದಿದ್ದಾರೆ. ಅವರಿಗಾಗಿ, ಮೊದಲಿನಿಂದ ಹೇಳುತ್ತೇನೆ.

ಪಟ್ಟಿ ಬೇರೆ, ಕಾರ್ಡು ಬೇರೆ

ಇದನ್ನು ಕೊಡಗಿನವರಿಗೆ ವಿವರಿಸುವುದು ಸುಲಭ. 1997ರಲ್ಲಿ ಕರಡದಲ್ಲಿ ಶುರುವಾದ ಕೌಟುಂಬಿಕ ಹಾಕಿ ಹಬ್ಬವನ್ನು ನೋಡದವರು ಯಾರಿದ್ದಾರೆ? ಒಂದು ಒಕ್ಕದ, ಅಂದರೆ ಒಂದೇ ಮನೆತನದ ತಂಡ ಮೈದಾನಕ್ಕೆ ಇಳಿಯುವ ಮೊದಲು ಆಟಗಾರರ ಪಟ್ಟಿ ಕೊಡುತ್ತದೆ. ನೀವು ಜರ್ಸಿ ಹಾಕಿಕೊಂಡು, ಸ್ಟಿಕ್ ಹಿಡಿದು ಬಂದಿರಬಹುದು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಗ್ಯಾಲರಿಯಲ್ಲಿ ಕೂತು ಚಪ್ಪಾಳೆ ತಟ್ಟಬೇಕು, ಅಷ್ಟೆ.

ಮತದಾರರ ಪಟ್ಟಿ ಅಂದರೆ ಆ ತಂಡದ ಪಟ್ಟಿ. ಮತದಾರರ ಗುರುತಿನ ಚೀಟಿ, ಅಂದರೆ ಕಚೇರಿಗಳಲ್ಲಿ 'ಎಪಿಕ್' ಅನ್ನುವ ಕಾರ್ಡು, ಜರ್ಸಿ ಇದ್ದಂತೆ. ಓಟಿನ ಹಕ್ಕು ಇರುವುದು ಪಟ್ಟಿಯಲ್ಲಿ. ಕಾರ್ಡು ಹೇಳುವುದು "ಪಟ್ಟಿಯಲ್ಲಿರುವ ಆ ಹೆಸರಿನ ಮನುಷ್ಯ ಇವನೇ" ಎಂದು ಮಾತ್ರ. ಹಾಗಾಗಿ ಕಾರ್ಡು ಕಳೆದುಹೋದರೂ ಗಾಬರಿ ಬೇಡ. ಪಟ್ಟಿಯಲ್ಲಿ ಹೆಸರಿದ್ದರೆ ಆಧಾರ್, ಡ್ರೈವಿಂಗ್ ಲೈಸೆನ್ಸ್, ಪ್ಯಾನ್, ಪಾಸ್‌ಪೋರ್ಟ್, ಫೋಟೊ ಇರುವ ಬ್ಯಾಂಕ್ ಅಥವಾ ಅಂಚೆ ಕಚೇರಿ ಪಾಸ್‌ಬುಕ್, ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್ ಹೀಗೆ ಚುನಾವಣಾ ಆಯೋಗ ಒಪ್ಪಿದ ಬೇರೆ ದಾಖಲೆಯೊಂದನ್ನು ತೋರಿಸಿದರೆ ಸಾಕು. ಮನೆಗೆ ತಂದುಕೊಡುವ ಮತದಾರರ ಚೀಟಿ ಮಾತ್ರ ಗುರುತಿನ ದಾಖಲೆ ಅಲ್ಲ. ಮತಗಟ್ಟೆ ಯಾವುದು, ಕ್ರಮ ಸಂಖ್ಯೆ ಎಷ್ಟು ಎಂದು ತಿಳಿಯಲು ಅದು.

ಇದನ್ನು ತಿರುಗಿಸಿ ಹೇಳಿದರೆ, ಹತ್ತು ದಾಖಲೆ ಕೈಯಲ್ಲಿದ್ದರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಓಟಿಲ್ಲ. ಚುನಾವಣೆ ದಿನ ಮತಗಟ್ಟೆಯಲ್ಲಿ ಹೆಸರು ಸೇರಿಸುವ ವ್ಯವಸ್ಥೆ ನಮ್ಮಲ್ಲಿಲ್ಲ.

ಹದಿನೆಂಟು ತುಂಬಬೇಕಾದದ್ದು ಯಾವ ದಿನಕ್ಕೆ?

ಮೊದಲು ಓಟಿನ ವಯಸ್ಸು 21 ಇತ್ತು. ಸಂವಿಧಾನದ 61ನೇ ತಿದ್ದುಪಡಿ ಅದನ್ನು 18ಕ್ಕೆ ಇಳಿಸಿತು. ಜಾರಿಗೆ ಬಂದದ್ದು 1989ರಲ್ಲಿ. ಆದರೆ ಹುಟ್ಟುಹಬ್ಬದ ಮರುದಿನವೇ ಓಟು ಬರುವುದಿಲ್ಲ. ಶಾಲೆಗೆ ಸೇರಿಸುವಾಗ "ಜೂನ್ ಒಂದಕ್ಕೆ ಇಷ್ಟು ವರ್ಷ ತುಂಬಿರಬೇಕು" ಅನ್ನುತ್ತಾರಲ್ಲ, ಇಲ್ಲೂ ಅಂಥದ್ದೇ ಒಂದು ದಿನ ಇರುತ್ತದೆ. ಅದನ್ನು ಅರ್ಹತಾ ದಿನಾಂಕ ಅನ್ನುತ್ತಾರೆ.

ಹಿಂದೆ ವರ್ಷಕ್ಕೆ ಒಂದೇ ಅರ್ಹತಾ ದಿನಾಂಕ ಇತ್ತು: ಜನವರಿ 1. ಜನವರಿ 2ರಂದು ಹುಟ್ಟಿದವರು ಹೆಚ್ಚುಕಡಿಮೆ ಒಂದು ವರ್ಷ ಸುಮ್ನೆ ಕಾಯಬೇಕಿತ್ತು. 2022ರ ಆಗಸ್ಟ್‌ನಿಂದ ನಾಲ್ಕು ದಿನಗಳಾಗಿವೆ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಉದಾಹರಣೆಗೆ, 2008ರ ಫೆಬ್ರುವರಿ 10ರಂದು ಹುಟ್ಟಿದ ಹುಡುಗಿಗೆ 18 ತುಂಬುವುದು 2026ರ ಫೆಬ್ರುವರಿ 10ಕ್ಕೆ. ಅವಳು 2026ರ ಏಪ್ರಿಲ್ 1ರ ಲೆಕ್ಕಕ್ಕೆ ಬರುತ್ತಾಳೆ. ಹಳೇ ನಿಯಮದಲ್ಲಾದರೆ 2027ರ ಜನವರಿವರೆಗೆ ಕಾಯಬೇಕಿತ್ತು.

17 ತುಂಬಿದವರು ಮುಂಗಡವಾಗಿಯೂ ಅರ್ಜಿ ಹಾಕಬಹುದು. 18 ತುಂಬಿದ ನಂತರದ ಅರ್ಹತಾ ದಿನಾಂಕಕ್ಕೆ ಅದನ್ನು ಪರಿಗಣಿಸುತ್ತಾರೆ. ಪಿಯುಸಿ ಮುಗಿಸಿ ಊರು ಬಿಡುವ ಮೊದಲೇ ಈ ಕೆಲಸ ಮಾಡಿಬಿಡಬಹುದು.

ನಿಮ್ಮ ಊರು ಯಾವುದು?

ಕೊಡಗಿನಲ್ಲಿ ಹೊಸಬರು ಸಿಕ್ಕಿದರೆ ಮೊದಲ ಪ್ರಶ್ನೆಯೇ ಇದು. ಯಾವ ಊರು, ಯಾವ ಮನೆ? ನಾವು ಐನ್‌ಮನೆ, ಅಂದರೆ ಮನೆತನದ ಮೂಲಮನೆ ಇರುವ ಊರಿನ ಹೆಸರು ಹೇಳುತ್ತೇವೆ, ಬೆಂಗಳೂರಿನಲ್ಲಿ ಇಪ್ಪತ್ತು ವರ್ಷದಿಂದ ಇದ್ದರೂ ಕೂಡ. ಕಾನೂನು ಈ ಉತ್ತರವನ್ನು ಒಪ್ಪುವುದಿಲ್ಲ. ಗೊಂದಲ ಶುರುವಾಗುವುದೇ ಇಲ್ಲಿಂದ.

1950ರ ಜನಪ್ರಾತಿನಿಧ್ಯ ಕಾಯ್ದೆ ಕೇಳುವುದು, ನೀವು 'ಸಾಮಾನ್ಯವಾಗಿ ವಾಸಿಸುವ' ಜಾಗ ಯಾವುದು ಎಂದು. ದಿನಾ ಉಣ್ಣುವುದು, ಮಲಗುವುದು ಎಲ್ಲಿ ಎಂಬಂಥ ಪ್ರಶ್ನೆ. ಅದೇ ಕಾಯ್ದೆ ಇನ್ನೆರಡು ಮಾತನ್ನೂ ಹೇಳುತ್ತದೆ. ಒಂದು, ಒಂದೂರಿನಲ್ಲಿ ಮನೆ ಇದೆ ಅನ್ನುವ ಒಂದೇ ಕಾರಣಕ್ಕೆ ಅಲ್ಲಿನ ವಾಸಿ ಆಗುವುದಿಲ್ಲ. ಐನ್‌ಮನೆಯಲ್ಲಿ ಪಾಲಿದೆ, ಪುತ್ತರಿ ಸುಗ್ಗಿ ಹಬ್ಬಕ್ಕೆ ಬಂದು ಕದಿರು ತೆಗೆದು ಹೋಗುತ್ತೇವೆ ಅಂದರೆ ಅಷ್ಟು ಸಾಲದು. ಇನ್ನೊಂದು, ತಾತ್ಕಾಲಿಕವಾಗಿ ದೂರ ಹೋದ ಮಾತ್ರಕ್ಕೆ ವಾಸ ತಪ್ಪಿಹೋಗುವುದೂ ಇಲ್ಲ. ಮೂರು ತಿಂಗಳ ತರಬೇತಿಗೆಂದು ಹೈದರಾಬಾದಿಗೆ ಹೋದವರ ಹೆಸರು ಊರಿನಲ್ಲೇ ಇರಬಹುದು.

ಹಾಗಾದರೆ ಹಾಸ್ಟೆಲ್ ಮಕ್ಕಳು? ಇವರಿಗೆ ಆಯೋಗ ಆಯ್ಕೆ ಕೊಟ್ಟಿದೆ. ಅಪ್ಪ ಅಮ್ಮ ಇರುವ ಊರಿನಲ್ಲಿ ಇಟ್ಟುಕೊಳ್ಳಬಹುದು, ಅಥವಾ ಓದುವ ಊರಿಗೆ ತರಬಹುದು. ಮಾನ್ಯತೆ ಇರುವ, ಕನಿಷ್ಠ ಒಂದು ವರ್ಷದ ಕೋರ್ಸ್ ಆಗಿರಬೇಕು. ಯಾವುದು ಒಳ್ಳೆಯದು ಎಂದು ನನ್ನನ್ನು ಕೇಳುವ ಮಕ್ಕಳಿಗೆ ನಾನು ಒಂದೇ ಪ್ರಶ್ನೆ ಹಾಕುತ್ತೇನೆ: ಓಟಿನ ದಿನ ನೀನು ನಿಜವಾಗಿ ಎಲ್ಲಿರುತ್ತೀಯಾ? ಮೈಸೂರಿನಲ್ಲಿ ಓದುವವರು ಬೆಳಿಗ್ಗೆ ಹೊರಟು ಕುಶಾಲನಗರದಲ್ಲಿ ಓಟು ಹಾಕಿ ಸಂಜೆಗೆ ವಾಪಸಾಗಬಹುದು. ದೆಹಲಿಯಲ್ಲಿ ಇರುವವರಿಗೆ ಅದು ಆಗದ ಮಾತು.

ಎರಡೂ ಕಡೆ ಇಟ್ಟುಕೊಳ್ಳುವುದು ಮಾತ್ರ ಸಾಧ್ಯವಿಲ್ಲ. ಒಬ್ಬರ ಹೆಸರು ಒಂದೇ ಕ್ಷೇತ್ರದಲ್ಲಿ, ಅದೂ ಒಂದೇ ಸಲ ಇರಬೇಕು. ಗೊತ್ತಿದ್ದೂ ಅರ್ಜಿಯಲ್ಲಿ ಸುಳ್ಳು ಹೇಳಿದರೆ ಒಂದು ವರ್ಷದವರೆಗೆ ಜೈಲು ಶಿಕ್ಷೆಗೆ ಅವಕಾಶವಿದೆ. ನಮ್ಮ ಹುಡುಗನಂತೆ ಗೊತ್ತಿಲ್ಲದೆ ಹೆಸರು ಸಾಗಿಸಿಕೊಂಡವರು ಮತ್ತೆ ಅರ್ಜಿ ಹಾಕಿ ವಾಪಸು ತರಬೇಕು.

ಸೈನಿಕರ ನಾಡಲ್ವಾ ಇದು? ಸೇನೆಯಲ್ಲಿ ಇರುವವರನ್ನು 'ಸೇವಾ ಮತದಾರರು' ಎಂದು ಪ್ರತ್ಯೇಕವಾಗಿ ಲೆಕ್ಕ ಹಾಕುತ್ತಾರೆ. ಅವರು ಸಿಯಾಚಿನ್‌ನಲ್ಲಿದ್ದರೂ ಹೆಸರನ್ನು ಸ್ವಂತ ಊರಿನ ಪಟ್ಟಿಯಲ್ಲೇ ಇಟ್ಟುಕೊಳ್ಳಬಹುದು. ಮತಪತ್ರ ಇಂಟರ್ನೆಟ್ ಮೂಲಕ ಅವರಿಗೆ ಹೋಗುತ್ತದೆ. ಅವರು ಮುದ್ರಿಸಿ, ಗುರುತು ಹಾಕಿ, ಅಂಚೆಯಲ್ಲಿ ಕಳಿಸುತ್ತಾರೆ. ಜೊತೆಯಲ್ಲೇ ವಾಸಿಸುವ ಹೆಂಡತಿಗೂ ಈ ಅನುಕೂಲವಿದೆ. 2021ರ ತಿದ್ದುಪಡಿ ಕಾಯ್ದೆಯಲ್ಲಿ 'ಹೆಂಡತಿ' ಎಂಬ ಪದ ತೆಗೆದು 'ಸಂಗಾತಿ' ಎಂದು ಮಾಡಿದರು. ಹಾಗಾಗಿ ಸೇನೆಯಲ್ಲಿರುವ ಮಹಿಳೆಯ ಗಂಡನಿಗೂ ಅನ್ವಯಿಸುತ್ತದೆ.

ಕೊಲ್ಲಿ ದೇಶಗಳಲ್ಲಿ ಕೆಲಸ ಮಾಡುವವರು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೆ, ಅದರಲ್ಲಿರುವ ವಿಳಾಸದ ಊರಿನಲ್ಲಿ ನಮೂನೆ 6ಎ ತುಂಬಿ ಹೆಸರು ಸೇರಿಸಬಹುದು. ಓಟು ಹಾಕಲು ಮಾತ್ರ ಖುದ್ದಾಗಿ ಬರಬೇಕು.

ಇನ್ನು ಲೈನ್ ಮನೆಗಳು, ಅಂದರೆ ತೋಟದ ಕೆಲಸದವರ ಸಾಲು ಮನೆಗಳು. ತೋಟದಿಂದ ತೋಟಕ್ಕೆ ಕೆಲಸ ಬದಲಿಸುವ ಕುಟುಂಬಗಳಲ್ಲಿ ಓಟು ಹಳೇ ತೋಟದ ಹತ್ತಿರವೇ ಉಳಿದುಬಿಡುತ್ತದೆ. ಲೈನ್ ಮನೆ ತೋಟದ ಮಾಲೀಕರದ್ದು ಎಂಬ ಕಾರಣಕ್ಕೆ ಅಲ್ಲಿ ವಾಸಿಸುವವರ ಹಕ್ಕು ಕಡಿಮೆಯಾಗುವುದಿಲ್ಲ. ಸ್ವಂತ ಮನೆ ಇರಬೇಕು ಎಂದು ಕಾನೂನು ಎಲ್ಲೂ ಹೇಳಿಲ್ಲ. ವಾಸ ಇದ್ದರೆ ಸಾಕು. ಹಾಡಿಗಳಲ್ಲಿರುವ ಜೇನುಕುರುಬ, ಬೆಟ್ಟಕುರುಬ, ಯರವ ಕುಟುಂಬಗಳ ಮಕ್ಕಳಿಗೂ ಇದೇ ಮಾತು. ವಿಳಾಸದ ದಾಖಲೆ ಕೈಯಲ್ಲಿಲ್ಲದಿದ್ದರೆ ಸಿಬ್ಬಂದಿ ಸ್ಥಳಕ್ಕೇ ಹೋಗಿ ಪರಿಶೀಲಿಸಬೇಕು.

2018ರ ಆಗಸ್ಟ್‌ನ ಭೂಕುಸಿತದಲ್ಲಿ ಮನೆ ಕಳೆದುಕೊಂಡು ಜಂಬೂರು, ಮದೆನಾಡು, ಕರ್ಣಂಗೇರಿಯಂಥ ಕಡೆ ಹೊಸ ಮನೆ ಪಡೆದವರನ್ನೂ ಇಲ್ಲಿ ನೆನೆಯಬೇಕು. ಮನೆ ಬದಲಾದರೆ ಓಟು ತಾನಾಗಿ ಹಿಂದೆ ಬರುವುದಿಲ್ಲ. ರೇಷನ್ ಕಾರ್ಡ್ ಬದಲಾದರೂ, ಆಧಾರ್ ಬದಲಾದರೂ ಮತದಾರರ ಪಟ್ಟಿ ಬದಲಾಗುವುದಿಲ್ಲ. ಅದಕ್ಕೆ ಬೇರೆಯೇ ಅರ್ಜಿ ಕೊಡಬೇಕು.

ಯಾವ ಫಾರಂ, ಯಾರಿಗೆ?

ಹೊಸದಾಗಿ ಸೇರಲು ನಮೂನೆ 6. ವಿಳಾಸ ಬದಲಿಸಲು, ಹೆಸರಿನ ತಪ್ಪು ತಿದ್ದಲು, ಹೊಸ ಕಾರ್ಡು ಪಡೆಯಲು ನಮೂನೆ 8. ತೀರಿಹೋದವರ ಹೆಸರು ತೆಗೆಸಲು ನಮೂನೆ 7. ಈ ಮೂರನ್ನು ನೆನಪಿಟ್ಟುಕೊಂಡರೆ ಸಾಕು.

ಪ್ರತಿ ಮತಗಟ್ಟೆಗೂ ಒಬ್ಬ ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ ಇರುತ್ತಾರೆ. ಸಾಮಾನ್ಯವಾಗಿ ನಿಮಗೆ ಗೊತ್ತಿರುವ ಅಂಗನವಾಡಿ ಟೀಚರೋ, ಶಾಲೆಯ ಮೇಷ್ಟ್ರೋ ಆಗಿರುತ್ತಾರೆ. ಅವರ ಕೈಗೆ ಕೊಡಬಹುದು, ತಾಲ್ಲೂಕು ಕಚೇರಿಯಲ್ಲಿ ಕೊಡಬಹುದು, ಆಯೋಗದ ಜಾಲತಾಣ ಅಥವಾ ಆ್ಯಪ್‌ನಲ್ಲಿ ಹಾಕಬಹುದು. ನೆಟ್‌ವರ್ಕ್ ಸಿಗಬೇಕು ಅಂದರೆ ಗುಡ್ಡ ಹತ್ತಬೇಕಾದ ಊರುಗಳಲ್ಲಿ ಬಿಎಲ್‌ಒ ದಾರಿಯೇ ಹತ್ತಿರ. ಸಂದೇಹಕ್ಕೆ 1950 ಸಂಖ್ಯೆಗೆ ಫೋನ್ ಮಾಡಬಹುದು.

ಅರ್ಜಿ ಬಂದ ಕೂಡಲೇ ಹೆಸರು ಸೇರುವುದಿಲ್ಲ. ಯಾರದ್ದಾದರೂ ಆಕ್ಷೇಪ ಇದೆಯೇ ಎಂದು ಏಳು ದಿನ ಕಾಯುತ್ತಾರೆ, ಪರಿಶೀಲಿಸುತ್ತಾರೆ. ನಾಮಪತ್ರ ಸಲ್ಲಿಸುವ ಕೊನೆಯ ದಿನ ಮುಗಿದ ಮೇಲೆ ಆ ಚುನಾವಣೆಗೆ ಯಾರ ಹೆಸರನ್ನೂ ಸೇರಿಸುವಂತಿಲ್ಲ. ಪ್ರಚಾರದ ಜೀಪು ಮನೆ ಮುಂದೆ ಬಂದಾಗ ಎಚ್ಚರಾಗುವವರಿಗೆ ಹೊತ್ತು ಮೀರಿರುತ್ತದೆ.

ಯಾವ ತೊಂದರೆಗೆ ಯಾವ ಓಟು?

ನಿಮ್ಮ ಮನೆ ಮುಂದಿನ ಬೀದಿದೀಪ ಕೆಟ್ಟಿದೆ ಅಂತ ಸಂಸದರನ್ನು ಬೈದರೆ ಪ್ರಯೋಜನವಿಲ್ಲ. ಕಾಫಿ ಮಂಡಳಿಯ ತೀರ್ಮಾನಕ್ಕೆ ಪಂಚಾಯಿತಿ ಸದಸ್ಯರನ್ನು ಹಿಡಿದು ನಿಲ್ಲಿಸಿದರೂ ಅಷ್ಟೇ. ಯಾರ ಕೈಯಲ್ಲಿ ಏನಿದೆ ಎಂದು ಗೊತ್ತಾದರೆ ಯಾವ ಚುನಾವಣೆಯಲ್ಲಿ ಏನು ಕೇಳಬೇಕು ಎಂಬುದೂ ಗೊತ್ತಾಗುತ್ತದೆ.

ಗ್ರಾಮ ಪಂಚಾಯಿತಿಯದ್ದು ಕಾಲಬುಡದ ಕೆಲಸ. ಕುಡಿಯುವ ನೀರು, ಬೀದಿದೀಪ, ಒಳರಸ್ತೆ, ಚರಂಡಿ, ಕಸ, ಮನೆ ಕಂದಾಯ. ವಾರಾಂತ್ಯಕ್ಕೆ ಬಂದ ಪ್ರವಾಸಿಗರು ರಸ್ತೆಬದಿಯಲ್ಲಿ ಬಿಟ್ಟುಹೋದ ಬಾಟಲಿ ರಾಶಿಯ ಪ್ರಶ್ನೆ ಮೊದಲು ಬರುವುದು ಇಲ್ಲಿಗೇ. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ ಎಂಬುದು ಕರ್ನಾಟಕದ ಲೆಕ್ಕ. ಈ ಚುನಾವಣೆಯನ್ನು ನಡೆಸುವುದು ದೆಹಲಿಯ ಆಯೋಗ ಅಲ್ಲ, ರಾಜ್ಯ ಚುನಾವಣಾ ಆಯೋಗ. ಆದರೆ ಪಟ್ಟಿ ತಯಾರಾಗುವುದು ವಿಧಾನಸಭೆಯ ಪಟ್ಟಿಯಿಂದಲೇ. ಅಲ್ಲಿ ಹೆಸರಿಲ್ಲದಿದ್ದರೆ ಇಲ್ಲೂ ಇರುವುದಿಲ್ಲ.

ಗ್ರಾಮ ಪಂಚಾಯಿತಿಯಲ್ಲಿ ಇನ್ನೆರಡು ವಿಶೇಷಗಳಿವೆ. ಪಕ್ಷದ ಚಿಹ್ನೆ ಇರುವುದಿಲ್ಲ. "ಇಂಥ ಪಕ್ಷ ಬೆಂಬಲಿತ" ಅನ್ನುವುದು ಬಾಯಿಮಾತಿನ ಲೆಕ್ಕ, ಮತಪತ್ರದಲ್ಲಿ ಅದು ಕಾಣುವುದಿಲ್ಲ. ಮತ್ತೆ, ಒಂದೇ ವಾರ್ಡಿನಲ್ಲಿ ಎರಡು ಮೂರು ಸ್ಥಾನ ಇದ್ದರೆ ನಿಮಗೆ ಅಷ್ಟೂ ಓಟು ಇರುತ್ತದೆ. ಒಂದನ್ನು ಹಾಕಿ ಮನೆಗೆ ಬರುವವರು ಉಳಿದದ್ದನ್ನು ಸುಮ್ನೆ ಬಿಟ್ಟುಬಂದಂತೆ.

ಅದರ ಮೇಲೆ ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿ. ಇವಕ್ಕೆ 2016ರಲ್ಲಿ ಚುನಾವಣೆ ನಡೆಯಿತು. 2021ರಲ್ಲಿ ಅವಧಿ ಮುಗಿದ ಮೇಲೆ ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಎಂದು ವರ್ಷಗಟ್ಟಲೆ ಎಳೆಯಿತು. ಹಾಗಾಗಿ ಎಷ್ಟೋ ಯುವಕರಿಗೆ ಜಿಲ್ಲಾ ಪಂಚಾಯಿತಿ ಸದಸ್ಯ ಅಂದರೆ ಯಾರೆಂದೇ ಗೊತ್ತಿಲ್ಲ. ಅವರ ತಪ್ಪಲ್ಲ ಅದು.

ವಿಧಾನಸಭೆಗೆ ಕೊಡಗಿನಿಂದ ಇಬ್ಬರು: ಮಡಿಕೇರಿ ಮತ್ತು ವಿರಾಜಪೇಟೆ ಕ್ಷೇತ್ರ. 2008ರ ಮರುವಿಂಗಡಣೆಗೆ ಮೊದಲು ಸೋಮವಾರಪೇಟೆಯೂ ಸೇರಿ ಮೂರಿದ್ದವು. ತಾಲ್ಲೂಕು ಐದಾದರೂ ಕ್ಷೇತ್ರ ಎರಡೇ, ಅದು ಜನಸಂಖ್ಯೆಯ ಲೆಕ್ಕ. ಆಸ್ಪತ್ರೆ, ಸರ್ಕಾರಿ ಶಾಲೆ ಕಾಲೇಜು, ಪೊಲೀಸ್, ಕಂದಾಯ, ಜಿಲ್ಲೆಯ ರಸ್ತೆಗಳು ರಾಜ್ಯದ ಕೈಯಲ್ಲಿವೆ.

ಲೋಕಸಭೆಗೆ ನಾವು ಮೈಸೂರು ಕ್ಷೇತ್ರದವರು. ಕೊಡಗಿನ ಎರಡು, ಮೈಸೂರು ಜಿಲ್ಲೆಯ ಆರು, ಒಟ್ಟು ಎಂಟು ವಿಧಾನಸಭಾ ಕ್ಷೇತ್ರ ಸೇರಿ ಒಬ್ಬ ಸಂಸದ. 2008ರ ಮರುವಿಂಗಡಣೆಗೂ ಮೊದಲು ನಾವು ಮಂಗಳೂರು ಲೋಕಸಭಾ ಕ್ಷೇತ್ರದಲ್ಲಿದ್ದೆವು. ಮನೆಯ ಹಿರಿಯರನ್ನು ಕೇಳಿ ನೋಡಿ. ಸಂಪಾಜೆಯಿಂದ ಕುಶಾಲನಗರದವರೆಗಿನ ರಾಷ್ಟ್ರೀಯ ಹೆದ್ದಾರಿ 275, ವಾಣಿಜ್ಯ ಸಚಿವಾಲಯದ ಅಡಿಯಲ್ಲಿರುವ ಕಾಫಿ ಮಂಡಳಿ, ಕೊಡಗಿಗೆ ಇನ್ನೂ ಬಾರದ ರೈಲು, ಇವೆಲ್ಲ ಕೇಂದ್ರದ ವಿಷಯ.

ಆನೆ? ಅದು ಎರಡೂ ಕಡೆ ನಡೆದಾಡುತ್ತದೆ. ಅರಣ್ಯ ಇಲಾಖೆ, ಕಂದಕ, ಬೇಲಿ, ಪರಿಹಾರದ ಹಣ ಹಂಚುವುದು ರಾಜ್ಯ ಸರ್ಕಾರ. ಆನೆಗೆ ರಕ್ಷಣೆ ಕೊಟ್ಟಿರುವ 1972ರ ವನ್ಯಜೀವಿ ಕಾಯ್ದೆ ಸಂಸತ್ತು ಮಾಡಿದ್ದು. ಹಾಗಾಗಿ ಶಾಸಕರನ್ನೂ ಕೇಳಬಹುದು, ಸಂಸದರನ್ನೂ ಕೇಳಬಹುದು. ಪ್ರಶ್ನೆ ಮಾತ್ರ ಬೇರೆ ಬೇರೆ.

ಡಿಗ್ರಿ ಮುಗಿದವರಿಗೆ ಇನ್ನೊಂದು ಓಟೂ ಇದೆ. ವಿಧಾನ ಪರಿಷತ್ತಿನ ನೈಋತ್ಯ ಪದವೀಧರರ ಕ್ಷೇತ್ರದಲ್ಲಿ ಕೊಡಗು ಸೇರಿದೆ. ಪದವಿ ಮುಗಿದು ಮೂರು ವರ್ಷ ಆಗಿರಬೇಕು, ನಮೂನೆ 18 ತುಂಬಬೇಕು. ಈ ಪಟ್ಟಿಯನ್ನು ಪ್ರತಿ ಸಲವೂ ಹೊಸದಾಗಿ ಮಾಡುತ್ತಾರೆ, ಕಳೆದ ಬಾರಿ ಇದ್ದ ಹೆಸರು ಈ ಬಾರಿಗೆ ಬರುವುದಿಲ್ಲ. ಇಲ್ಲಿ ಬಟನ್ ಇಲ್ಲ. 1, 2, 3 ಎಂದು ಇಷ್ಟದ ಕ್ರಮದಲ್ಲಿ ಅಂಕಿ ಬರೆಯಬೇಕು.

ಒಂದು ಓಟಿನ ತೂಕ

"ನನ್ನ ಒಂದು ಓಟಿನಿಂದ ಏನಾಗುತ್ತೆ?" ಇದನ್ನು ಲೆಕ್ಕ ಹಾಕಿಯೇ ನೋಡಬಹುದು. ಮೈಸೂರು ಲೋಕಸಭಾ ಕ್ಷೇತ್ರದಲ್ಲಿ 20 ಲಕ್ಷಕ್ಕೂ ಹೆಚ್ಚು ಮತದಾರರಿದ್ದಾರೆ. ಕೊಡಗಿನ ಒಂದೊಂದು ವಿಧಾನಸಭಾ ಕ್ಷೇತ್ರದಲ್ಲಿ ಎರಡು ಲಕ್ಷಕ್ಕೂ ಹೆಚ್ಚು. ಪಂಚಾಯಿತಿ ವಾರ್ಡಿನಲ್ಲಿ ಕೆಲವು ನೂರು. ಅಂದರೆ ಚುನಾವಣೆ ಚಿಕ್ಕದಾದಷ್ಟೂ ನಿಮ್ಮ ಓಟು ದೊಡ್ಡದಾಗುತ್ತದೆ. ವಾರ್ಡಿನಲ್ಲಿ ಒಂದೇ ಬಸ್ಸಿನಲ್ಲಿ ಕಾಲೇಜಿಗೆ ಹೋಗುವ ಹತ್ತು ಹದಿನೈದು ಮಂದಿ ಫಲಿತಾಂಶ ತಿರುಗಿಸಬಲ್ಲರು.

ದೊಡ್ಡ ಚುನಾವಣೆಯಲ್ಲೂ ಇಂಥದ್ದು ಆಗಿದೆ. 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೆಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ಓಟು. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಅಂತರ 16. ಅದೇ ಚುನಾವಣೆಯಲ್ಲಿ ನಮ್ಮ ಎರಡೂ ಕ್ಷೇತ್ರಗಳಲ್ಲಿ ಗೆಲುವಿನ ಅಂತರ ಐದು ಸಾವಿರದ ಒಳಗಿತ್ತು.

ಕೊಡಗಿಗೆ ಒಂದು ಕಾಲದಲ್ಲಿ ತನ್ನದೇ ವಿಧಾನಸಭೆ ಇತ್ತು ಎಂಬುದು ಈಗಿನ ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ. ಆಗ ಇದು 'ಸಿ' ದರ್ಜೆಯ ರಾಜ್ಯ. 1952ರ ಚುನಾವಣೆಯಲ್ಲಿ ಒಟ್ಟು 24 ಸ್ಥಾನ. ಮೈಸೂರಿನೊಂದಿಗೆ ಸೇರಬೇಕೇ, ಬೇರೆ ಉಳಿಯಬೇಕೇ ಎಂಬುದೇ ಚರ್ಚೆ. ಸೇರಬೇಕು ಎಂದ ಕಾಂಗ್ರೆಸ್ಸಿನ ಕಡೆ ಸಿ.ಎಂ. ಪೂಣಚ್ಚ, ಬೇರೆ ಉಳಿಯಬೇಕು ಎಂದ ತಕ್ಕಡಿ ಪಕ್ಷದ ಕಡೆ ಪಂದ್ಯಂಡ ಬೆಳ್ಯಪ್ಪ. ಕಾಂಗ್ರೆಸ್ 15 ಗೆದ್ದಿತು, ಪೂಣಚ್ಚ ಮುಖ್ಯಮಂತ್ರಿಯಾದರು. 1956ರ ನವೆಂಬರ್ 1ಕ್ಕೆ ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು. ಈಗ 224ರಲ್ಲಿ ನಮ್ಮದು ಎರಡು.

ನಿಂತವರು ಯಾರು?

ವಿಧಾನಸಭೆ, ಲೋಕಸಭೆಗೆ ನಿಲ್ಲುವವರು ತಮ್ಮ ಆಸ್ತಿ, ಸಾಲ, ಓದು, ಕ್ರಿಮಿನಲ್ ಪ್ರಕರಣಗಳ ಬಗ್ಗೆ ಪ್ರಮಾಣಪತ್ರ ಕೊಡಲೇಬೇಕು. ಅದು ಆಯೋಗದ ಜಾಲತಾಣದಲ್ಲಿ ಯಾರಿಗೆ ಬೇಕಾದರೂ ಸಿಗುತ್ತದೆ. ಹೆಣ್ಣು ಕೊಡುವಾಗ ಹತ್ತು ಕಡೆ ವಿಚಾರಿಸುವ ನಾವು ಐದು ವರ್ಷದ ಸಂಬಂಧಕ್ಕೆ ಹತ್ತು ನಿಮಿಷ ಇದನ್ನು ಓದಬಹುದು.

ನೀವೇ ನಿಲ್ಲಬೇಕು ಅಂದರೆ ಪಂಚಾಯಿತಿಗೆ 21, ವಿಧಾನಸಭೆ ಮತ್ತು ಲೋಕಸಭೆಗೆ 25 ವರ್ಷ ತುಂಬಿರಬೇಕು. ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು.

ಮತಗಟ್ಟೆಯ ಒಳಗೆ

ಮೊದಲ ಸಲ ಹೋಗುವವರಿಗೆ ಸ್ವಲ್ಪ ಅಳುಕು ಇರುತ್ತದೆ. ವಿಧಾನಸಭೆ, ಲೋಕಸಭೆ ಚುನಾವಣೆಯಲ್ಲಿ ಒಳಗೆ ನಡೆಯುವುದು ಇಷ್ಟು. ಮೊದಲ ಮೇಜಿನಲ್ಲಿ ಪಟ್ಟಿಯಲ್ಲಿ ನಿಮ್ಮ ಹೆಸರು ಹುಡುಕಿ, ಗಟ್ಟಿಯಾಗಿ ಓದಿ, ಗುರುತು ನೋಡುತ್ತಾರೆ. ಎರಡನೆಯವರು ಎಡಗೈ ತೋರುಬೆರಳಿಗೆ ಶಾಯಿ ಹಚ್ಚಿ, ಪುಸ್ತಕದಲ್ಲಿ ಸಹಿ ಹಾಕಿಸಿ, ಚೀಟಿ ಕೊಡುತ್ತಾರೆ. ಆ ಶಾಯಿ ನಮ್ಮ ಪಕ್ಕದ ಮೈಸೂರಿನದು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಶುರುವಾದ ಬಣ್ಣದ ಕಾರ್ಖಾನೆ 1962ರಿಂದ ದೇಶಕ್ಕೆಲ್ಲ ಇದನ್ನು ಮಾಡಿಕೊಡುತ್ತಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ಹಿಡಿದುಕೊಳ್ಳುತ್ತದೆ, ಸೋಪಿಗೆ ಜಗ್ಗುವುದಿಲ್ಲ.

ಮೂರನೆಯವರು ಚೀಟಿ ತೆಗೆದುಕೊಂಡು ಯಂತ್ರವನ್ನು ನಿಮಗಾಗಿ ಸಿದ್ಧ ಮಾಡುತ್ತಾರೆ. ನೀವು ಮರೆಯ ಹಿಂದೆ ಹೋಗಿ ನಿಮ್ಮ ಆಯ್ಕೆಯ ಮುಂದಿನ ನೀಲಿ ಬಟನ್ ಒತ್ತಬೇಕು. ಕೆಂಪು ದೀಪ ಹೊತ್ತುತ್ತದೆ. ಪಕ್ಕದ ವಿವಿಪ್ಯಾಟ್ ಪೆಟ್ಟಿಗೆಯ ಕಿಟಕಿಯಲ್ಲಿ ನೀವು ಒತ್ತಿದ ಹೆಸರು, ಚಿಹ್ನೆ ಇರುವ ಚೀಟಿ ಏಳು ಸೆಕೆಂಡು ಕಾಣಿಸಿ ಒಳಗೆ ಬೀಳುತ್ತದೆ. 'ಬೀಪ್' ಸದ್ದು ಬಂದರೆ ಮುಗಿಯಿತು. ಮೊಬೈಲ್ ಒಳಗೆ ತರುವಂತಿಲ್ಲ. ಸೆಲ್ಫಿ ಏನಿದ್ದರೂ ಹೊರಗೆ ಬಂದು ಬೆರಳಿನದು.

ನಿಮ್ಮ ಹೆಸರಿನಲ್ಲಿ ಬೇರೆ ಯಾರೋ ಆಗಲೇ ಓಟು ಹಾಕಿದ್ದರೆ? ಜಗಳ ಮಾಡಿ ವಾಪಸು ಬರಬೇಡಿ. ನೀವೇ ಆ ಮತದಾರ ಎಂದು ತೋರಿಸಿದರೆ ಕಾಗದದ ಮತಪತ್ರ ಕೊಡುತ್ತಾರೆ. ಅದನ್ನು ಬೇರೆ ಲಕೋಟೆಯಲ್ಲಿ ಇಡುತ್ತಾರೆ. ಇನ್ನು ಸಮಯ ಮುಗಿಯುವ ಹೊತ್ತಿಗೆ ಸಾಲಿನಲ್ಲಿ ನಿಂತವರಿಗೆಲ್ಲ ಟೋಕನ್ ಸಿಗುತ್ತದೆ. ಕತ್ತಲಾದರೂ ಅವರ ಓಟು ಹಾಕಿಸಿಯೇ ಬಾಗಿಲು ಮುಚ್ಚುವುದು.

ತೋಟದ ಕೆಲಸದವರು, ಅಂಗಡಿ ಮತ್ತು ಕಂಪನಿ ನೌಕರರು ಕೇಳುವ ಪ್ರಶ್ನೆ: ಅಂದಿನ ಕೂಲಿ? ವಿಧಾನಸಭೆ, ಲೋಕಸಭೆ ಚುನಾವಣೆಯ ದಿನ ಮತದಾರರಿಗೆ ಸಂಬಳ ಸಹಿತ ರಜೆ ಕೊಡಬೇಕೆಂದು ಕಾನೂನಿದೆ. ದಿನಗೂಲಿಯವರಿಗೂ ಆ ದಿನದ ಕೂಲಿ ಸೇರುತ್ತದೆ. ತೋಟದ ಲೆಕ್ಕ ಬರೆಯುವ ರೈಟರಿಗೆ ಇದನ್ನು ಮೊದಲೇ ನೆನಪಿಸುವುದು ಒಳ್ಳೆಯದು.

ಯಾರೂ ಬೇಡ ಅನ್ನಿಸಿದರೆ

2013ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ 'ನೋಟಾ' ಬಂತು. 'ಮೇಲಿನ ಯಾರೂ ಅಲ್ಲ' ಎಂದು ಅರ್ಥ. ಪಟ್ಟಿಯ ಕೊನೆಯಲ್ಲಿರುತ್ತದೆ. ಒಂದು ತಪ್ಪು ತಿಳಿವಳಿಕೆ ಮಾತ್ರ ಇದೆ. ನೋಟಾಕ್ಕೆ ಜಾಸ್ತಿ ಓಟು ಬಿದ್ದರೆ ಲೋಕಸಭೆ, ವಿಧಾನಸಭೆ ಚುನಾವಣೆ ರದ್ದಾಗುವುದಿಲ್ಲ. ಅಭ್ಯರ್ಥಿಗಳ ಪೈಕಿ ಹೆಚ್ಚು ಮತ ಪಡೆದವರೇ ಗೆಲ್ಲುತ್ತಾರೆ. ನಿಮ್ಮ ಅಸಮಾಧಾನ ಅಂಕಿಯಾಗಿ ದಾಖಲಾಗುತ್ತದೆ, ಅಷ್ಟೆ.

ಉಳಿದ ಐದು ವರ್ಷ

ಮತದಾರರ ಪಟ್ಟಿಯಲ್ಲಿ ಹೆಸರು ಬಂದ ಕೂಡಲೇ ನಿಮಗೆ ಇನ್ನೊಂದು ಸದಸ್ಯತ್ವವೂ ಸಿಗುತ್ತದೆ. ಯಾರೂ ಇದನ್ನು ಹೇಳುವುದಿಲ್ಲ. ಸಂವಿಧಾನದ ಪ್ರಕಾರ ಹಳ್ಳಿಯ ಮತದಾರರ ಪಟ್ಟಿಯಲ್ಲಿರುವ ಎಲ್ಲರೂ ಸೇರಿದರೆ ಅದೇ ಗ್ರಾಮಸಭೆ. ಆರಿಸಿ ಬರಬೇಕಿಲ್ಲ, ಕರೆಯಬೇಕಿಲ್ಲ, ನೀವು ಆಗಲೇ ಸದಸ್ಯರು. ಆರು ತಿಂಗಳಿಗೆ ಒಮ್ಮೆಯಾದರೂ ಅದು ನಡೆಯಬೇಕು. ಅದಕ್ಕೂ ಮೊದಲು ವಾರ್ಡ್ ಸಭೆ. ಯಾರಿಗೆ ಮನೆ ಮಂಜೂರು, ಯಾವ ರಸ್ತೆಗೆ ಮೊದಲು ಹಣ, ಉದ್ಯೋಗ ಖಾತ್ರಿಯಲ್ಲಿ ಯಾವ ಕೆಲಸ ಎಂಬ ಪಟ್ಟಿಗಳು ಇಲ್ಲಿ ಓದಿ ಒಪ್ಪಿಗೆ ಪಡೆಯಬೇಕು. 18 ತುಂಬದವರಿಗೆ ಮಕ್ಕಳ ಗ್ರಾಮಸಭೆ ಇದೆ.

ನಾನು ಹೋದ ಸಭೆಗಳಲ್ಲಿ ಕುರ್ಚಿ ತುಂಬಿದ್ದದ್ದು ಕಡಿಮೆ. ಬಂದವರಲ್ಲಿ ಹೆಚ್ಚಿನವರಿಗೆ ಐವತ್ತು ದಾಟಿತ್ತು. ಕಾಫಿ, ಬಿಸ್ಕತ್ತು ಬಂದ ಮೇಲೆ ಇನ್ನೂ ಕೆಲವರು ಎದ್ದುಹೋಗುತ್ತಾರೆ. ಹಾಗಾಗಿ ಒಬ್ಬ ಎದ್ದು ನಿಂತು ಕೇಳಿದರೂ ಎಲ್ಲರ ಕಿವಿಗೆ ಬೀಳುತ್ತದೆ. ಕೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸುವುದು ಮುಖ್ಯ. ಬರೆಯದ ಪ್ರಶ್ನೆಯನ್ನು ಮುಂದಿನ ಸಭೆಯಲ್ಲಿ ಯಾರೂ ನೆನಪಿಟ್ಟುಕೊಂಡಿರುವುದಿಲ್ಲ.

ಆ ಹುಡುಗ ನಮೂನೆ 8 ತುಂಬಿ ಹೆಸರನ್ನು ಊರಿಗೆ ತಂದುಕೊಂಡಿದ್ದಾನೆ. ಮೊನ್ನೆಯ ಗ್ರಾಮಸಭೆಯಲ್ಲಿ ಬಸ್ ನಿಲ್ಲುವ ಜಾಗದ ಹಿಂದಿನ ಕಸದ ರಾಶಿ ಯಾವಾಗ ಎತ್ತುತ್ತೀರಿ ಎಂದು ಕೇಳಿದ. ಇನ್ನೂ ಎತ್ತಿಲ್ಲ. ಮುಂದಿನ ಸಭೆಯಲ್ಲಿ ನಡಾವಳಿಯ ಆ ಪುಟವನ್ನೇ ಮೊದಲು ಓದಿಸುತ್ತಾನಂತೆ.